ಗೇರ್ ರಾಡ್ ಮತ್ತು ಡ್ರೈವರನ ಕೈ

ಕೇಳುಗರಿಗೆ ನಮಸ್ಕಾರ. ತೊಗರಿ ಸುಗ್ಗಿಯಲ್ಲಿ ಕಲಬುರಗಿಯ ಎಪಿಎಂಸಿ ಯಾರ್ಡಿನೊಳಗೆ ಗೂಡ್ಸ್ ಗಾಡಿಗಳು ಪಾಳಿ ಹಚ್ಚಿರುತ್ತವೆ. ನಾಲ್ಕು ಮಾರು ಮುಂದೆ, ಬ್ರೇಕು, ಮತ್ತೆ ರಿವರ್ಸು. ಹೆದ್ದಾರಿ ಮೇಲೆ ಒಂದೇ ಸಮ ಓಡುವುದಕ್ಕಿಂತ ಗೇರ್ ಬಾಕ್ಸಿಗೆ ಇಲ್ಲಿಯೇ ತ್ರಾಸು ಜಾಸ್ತಿ. ಗಾಡಿ ಇನ್ನೂ ಮುಂದಕ್ಕೆ ಉರುಳುತ್ತಿರುವಾಗ ರಿವರ್ಸ್ ಎಳೆದರೆ ‘ಕರ್ರ್’ ಅನ್ನುತ್ತದಲ್ಲ, ಅದು ಹಲ್ಲಿನ ತುದಿ ತರಿಯುವ ಸದ್ದು.

ಮುಂದಿನ ಗೇರುಗಳಿಗೆ ಸಿಂಕ್ರೊ ರಿಂಗ್ ಇರುತ್ತದೆ, ಹೆಚ್ಚಾಗಿ ಹಿತ್ತಾಳೆಯದು. ರಾಡ್ ಒತ್ತಿದಾಗ ಈ ರಿಂಗು ಮೊದಲು ಗೇರಿನ ಕೋನಿಗೆ, ಅಂದರೆ ಓರೆ ಅಂಚಿಗೆ, ಉಜ್ಜಿ ಎರಡರ ವೇಗ ಸಮ ಮಾಡುತ್ತದೆ. ಆಮೇಲೆ ಸ್ಲೀವು ಎಂಬ ಹಲ್ಲಿನ ಬಳೆ ಸರಿದು ಗೇರ್ ಕೂಡುತ್ತದೆ. ರಾಡ್ ತುಸು ತಡೆದಂತೆ ಅನ್ನಿಸುವುದು ಆ ಹೊತ್ತಿನಲ್ಲೇ. ಆಗ ಜೋರು ಮಾಡಿ ದಬ್ಬಿದರೆ ರಿಂಗಿನ ಒಳಗಿನ ಸಣ್ಣ ಗೆರೆಗಳು ಸವೆಯುತ್ತವೆ. ಗೆರೆ ಹೋದ ರಿಂಗು ಎಣ್ಣೆಯ ಪದರ ಕತ್ತರಿಸಲಾರದು, ಕೋನಿನ ಮೇಲೆ ಜಾರುತ್ತದೆ. ವೇಗ ಇಳಿಸದೆ ಐದರಿಂದ ನೇರ ಎರಡಕ್ಕೆ ಎಳೆಯುವವರು ಎರಡನೇ ಗೇರಿನ ರಿಂಗನ್ನೇ ತಿನ್ನುತ್ತಾರೆ. ನ್ಯೂಟ್ರಲ್‌ನಲ್ಲಿ ಅರೆಗಳಿಗೆ ತಡೆದು ಹದವಾಗಿ ಒತ್ತಿ ಹಿಡಿಯಿರಿ, ಗೇರು ತಾನೇ ಬೀಳುತ್ತದೆ. ಬಹಳಷ್ಟು ಗಾಡಿಗಳ ರಿವರ್ಸಿಗೆ ಈ ರಿಂಗೇ ಇಲ್ಲ. ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ತಳದವರೆಗೆ ತುಳಿದು, ಎರಡು ಮೂರು ಸೆಕೆಂಡು ಬಿಟ್ಟು ಹಾಕಬೇಕು.

ಇನ್ನು ರಾಡ್ ಮೇಲೆ ಕೈ ಇಟ್ಟುಕೊಂಡೇ ಓಡಿಸುವ ಚಟ. ರಾಡಿನ ಒತ್ತಡ ಹೋಗುವುದು ಒಳಗೆ ಸ್ಲೀವನ್ನು ಸರಿಸುವ ಕವಲು ತುಂಡಿಗೆ, ಅಂದರೆ ಫೋರ್ಕಿಗೆ. ಫೋರ್ಕು ಕೂತಿರುವುದು ತಿರುಗುವ ಸ್ಲೀವಿನ ತೋಡಿನಲ್ಲಿ. ಗೇರ್ ಬಿದ್ದ ಮೇಲೆ ಅದು ಸಡಿಲವಾಗಿರಬೇಕು, ಕೈಭಾರ ಅದನ್ನು ಸ್ಲೀವಿಗೆ ಒತ್ತಿ ಹಿಡಿಯುತ್ತದೆ. ಫೋರ್ಕಿನ ತುದಿ ಸವೆದಾಗ ಗೇರು ಪೂರ್ತಿ ಕೂಡದೆ, ಆಕ್ಸಿಲರೇಟರ್ ಬಿಟ್ಟೊಡನೆ ನ್ಯೂಟ್ರಲ್‌ಗೆ ಜಿಗಿಯಬಹುದು. ಇದಕ್ಕೆ ವರ್ಷಗಳೇ ಬೇಕು ಅನ್ನಿ. ದಬ್ಬುವ ಕೈಯಷ್ಟು ಬೇಗ ಇದು ಗಾಡಿ ಕೆಡಿಸದು.

ಪಟೇಲ್ ವೃತ್ತದ ಸಿಗ್ನಲ್ಲಿನಲ್ಲಿ ಗೇರ್ ಹಾಕಿ, ಕ್ಲಚ್ ತುಳಿದೇ ನಿಲ್ಲುವವರು ರಿಲೀಸ್ ಬೇರಿಂಗಿನ (ತುಳಿದಾಗ ಕ್ಲಚ್ಚನ್ನು ಒತ್ತಿ ಬಿಡಿಸುವ ಬೇರಿಂಗಿನ) ಆಯುಷ್ಯ ಕಡಿಮೆ ಮಾಡುತ್ತಾರೆ. ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ. ಆದರೆ ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ, ಇಂಜಿನ್ನಿನ ತಡೆ ತಪ್ಪಿ ಬ್ರೇಕು ಬಿಸಿಯಾಗುತ್ತದೆ.

ಎಲ್ಲ ಗೇರೂ ಕರ್ರ್ ಅಂದರೆ ಗೇರ್ ಬಾಕ್ಸ್ ಬಿಚ್ಚಿಸಲು ಅವಸರ ಬೇಡ. ಮೊದಲು ಕ್ಲಚ್ ನೋಡಿಸಿ. ಕೇಬಲ್ ಸಡಿಲಾಗಿರಬಹುದು, ಇಲ್ಲವೇ ಪೆಡಲ್ ಕೆಳಗೆ ಮ್ಯಾಟು ಮಡಚಿಕೊಂಡಿರಬಹುದು. ಒಂದೇ ಗೇರು ತಕರಾರು ಮಾಡಿದರೆ ಆ ಗೇರಿನ ರಿಂಗಿನ ಮೇಲೆ ಅನುಮಾನ. ನ್ಯೂಟ್ರಲ್‌ನಲ್ಲಿ ಕ್ಲಚ್ ತುಳಿದಾಗ ಸದ್ದು ಬಂದರೆ ರಿಲೀಸ್ ಬೇರಿಂಗು. ತುಳಿದಾಗ ಸದ್ದು ನಿಂತರೆ ಸಾಮಾನ್ಯವಾಗಿ ಇನ್‌ಪುಟ್ ಶಾಫ್ಟಿನ, ಅಂದರೆ ಕ್ಲಚ್ಚಿನಿಂದ ಗೇರ್ ಬಾಕ್ಸಿನೊಳಗೆ ಹೋಗುವ ದಂಡದ, ಬೇರಿಂಗು.

ಗೇರ್ ಬಾಕ್ಸಿನ ಎಣ್ಣೆ ಯಾವುದು, ಎಷ್ಟು ಎಂಬುದನ್ನು ಗಾಡಿಯ ಪುಸ್ತಕ ನೋಡಿಯೇ ಹಾಕಿಸಿ. ಅದರಲ್ಲಿ ಎಣ್ಣೆಯ ದರ್ಜೆ ಜಿಎಲ್-4 ಎಂದು ಬರೆದಿದ್ದರೆ ‘ಜಿಎಲ್-5 ಇನ್ನೂ ಛಲೋ ಐತಿ’ ಅನ್ನುವ ಮಾತು ಕೇಳಬೇಡಿ. ಕೆಲವು ಜಿಎಲ್-5 ಎಣ್ಣೆಗಳೊಳಗಿನ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನುತ್ತದೆ. ಬಹುತೇಕ ಗಾಡಿಗಳಲ್ಲಿ ಸಮನೆಲದ ಮೇಲೆ ನಿಲ್ಲಿಸಿ ಪಕ್ಕದ ಪ್ಲಗ್ ಬಿಚ್ಚಿದರೆ ಎಣ್ಣೆ ತೂತಿನ ಅಂಚಿಗೆ ಬಂದಿರಬೇಕು. ಎಣ್ಣೆ ಬದಲಿಸುವಾಗ ಡ್ರೇನ್ ಪ್ಲಗ್ಗಿನ ಅಯಸ್ಕಾಂತವನ್ನು ಕೈಗೆ ತೆಗೆದುಕೊಂಡು ನೋಡಿ. ಬೂದುಬಣ್ಣದ ನುಣುಪು ಪೇಸ್ಟು ಮಾಮೂಲು. ಬಸಿದ ಎಣ್ಣೆಯಲ್ಲಿ ಹಳದಿ ಮಿಂಚು ತೇಲಿದರೆ ಸಿಂಕ್ರೊ ರಿಂಗು ಸವೆದಿದೆ. ಕಬ್ಬಿಣದ ಚೂರು ಸಿಕ್ಕರೆ ಹುಮನಾಬಾದಿಗೆ ಇನ್ನೊಂದು ಲೋಡು ಹೇರುವ ಮುಂಚೆ ಬಾಕ್ಸ್ ಬಿಚ್ಚಿಸುವುದೇ ಕಡಿಮೆ ಖರ್ಚು.