ಜ್ವರ ಇಳಿದ ರಾತ್ರಿ

ಕೇಳುಗರಿಗೆ ನಮಸ್ಕಾರ.

ನಾನು ಮುಂಬಯಿಯಲ್ಲಿ ನರ್ಸ್. ಮನೆ ಡೊಂಬಿವಲಿಯಲ್ಲಿ. ಇಲ್ಲಿಗೆ ಬಂದ ಹೊಸತರಲ್ಲಿ ನಾನು ಮಾಡುತ್ತಿದ್ದ ಒಂದು ಕಳ್ಳಾಟದಿಂದಲೇ ಮಾತು ಶುರು ಮಾಡುತ್ತೇನೆ.

ರೋಗಿಯ ಕಾಲಬುಡದಲ್ಲಿ ಒಂದು ಚಾರ್ಟ್ ತೂಗುತ್ತಿರುತ್ತದೆ, ನೋಡಿರಬೇಕು ನೀವು. ಜ್ವರ, ನಾಡಿ, ಉಸಿರು ಅಂತ ಅದರಲ್ಲಿ ಕಲಮುಗಳು. ಜ್ವರಕ್ಕೆ ಥರ್ಮಾಮೀಟರ್ ಇದೆ. ನಾಡಿಯನ್ನು ಮೆಷಿನ್ನೇ ಹೇಳುತ್ತದೆ. ಉಸಿರನ್ನು ಮಾತ್ರ ನಿಂತು ಎಣಿಸಬೇಕು, ಪೂರ್ತಿ ಒಂದು ನಿಮಿಷ. ನೈಟ್ ಡ್ಯೂಟಿ, 32 ಹಾಸಿಗೆ, ನಾವು ಇಬ್ಬರೇ. ಅಷ್ಟು ನಿಮಿಷ ಎಲ್ಲಿಂದ ತರಲಿ? ಸುಮ್ನೆ 20 ಅಂತ ಬರೆದುಬಿಡುತ್ತಿದ್ದೆ. ದಮ್ಮಿನ ಅಜ್ಜನಿಗೂ 20, ಕಾಲು ಮುರಿದ ಹುಡುಗನಿಗೂ 20.

ಒಂದು ಬೆಳಿಗ್ಗೆ ಇನ್‌ಚಾರ್ಜ್ ಸಿಸ್ಟರ್ ಚಾರ್ಟುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿದರು. "ನಿನ್ನ ವಾರ್ಡಿನವರೆಲ್ಲ ಕವಾಯತು ಮಾಡಿದ ಹಾಗೆ ಒಟ್ಟಿಗೇ ಉಸಿರಾಡ್ತಾರಲ್ಲೇ!" ಅಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ಎಣಿಸುವ ಉಪಾಯ ಹೇಳಿಕೊಟ್ಟರು. ಉಸಿರು ಎಣಿಸುತ್ತೇನೆ ಅಂತ ರೋಗಿಗೆ ಹೇಳಬಾರದು. ಹೇಳಿದರೆ ಉಸಿರಿನ ಲಯವೇ ಬದಲಾಗುತ್ತದೆ. ನಾಡಿ ನೋಡುವವಳ ಹಾಗೆ ಮಣಿಕಟ್ಟು ಹಿಡಿದುಕೊಂಡು, ಕಣ್ಣು ಮಾತ್ರ ಎದೆಯ ಮೇಲೆ ಇಡಬೇಕು. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸರಿ. ದೇಹ ಒಳಗೊಳಗೇ ಕಷ್ಟಕ್ಕೆ ಬಿದ್ದಾಗ ಎಷ್ಟೋ ಸಲ ಮೊದಲು ಏರುವುದು ಇದೇ. ನಾನು ಬರೆಯುತ್ತಿದ್ದ ಸುಳ್ಳು ಅಂಥ ಜಾಗದಲ್ಲೇ ಕೂತಿತ್ತು.

ಹಾಗಾದರೆ ಎಲ್ಲವನ್ನೂ ಸರಿಯಾಗಿ ಅಳೆದು ಬರೆದರೆ ನರ್ಸಿನ ಕೆಲಸ ಮುಗಿಯಿತಾ? ಬಹಳ ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ.

ಮಳೆಗಾಲದ ಒಂದು ರಾತ್ರಿ. ವಾರ್ಡಿನ ತುಂಬ ಡೆಂಗ್ಯೂ. 14ನೇ ಬೆಡ್ಡಿನಲ್ಲಿ ಕುಂದಾಪುರ ಕಡೆಯ ಹುಡುಗ, ಹೋಟೆಲಿನಲ್ಲಿ ಕೆಲಸ. ಐದನೇ ದಿನ. ಸಂಜೆಯಿಂದ ಜ್ವರ ಇಲ್ಲ. ಪಕ್ಕದಲ್ಲಿ ಕೂತ ಅವನ ಮಾವನಿಗೆ ಖುಷಿಯೋ ಖುಷಿ. "ಜ್ವರ ಬಿಟ್ಟಿತಲ್ದಾ ಸಿಸ್ಟ್ರೇ, ನಾಳಿಗೆ ಮನೆಗೆ ಹೋಪುಕೆ ಆತ್ತಾ?"

ಹುಡುಗ ಮಾತ್ರ ಗೋಡೆ ಕಡೆ ತಿರುಗಿ ಮಲಗಿದ್ದ. ಕೇಳಿದರೆ "ಸುಸ್ತು" ಅಂದ. ಸಂಜೆಯ ರೆಸಿಡೆಂಟ್ ಡಾಕ್ಟರ ಹತ್ತಿರವೂ ಅದನ್ನೇ ಹೇಳಿದ್ದನಂತೆ. ಈ ಪದದ ಫಜೀತಿ ಮುಂಬಯಿ ಕನ್ನಡಿಗರಿಗೆ ಗೊತ್ತಿರಬೇಕು. ನಮಗೆ ಸುಸ್ತು ಅಂದರೆ ಕೈಕಾಲಲ್ಲಿ ಜೀವವೇ ಇಲ್ಲ ಅಂತ. ಹಿಂದಿಯ ಕಿವಿಗೆ ಅದು ಬರೀ ಜಡ, ಸೋಮಾರಿತನ. ಐದು ದಿನ ಮಲಗಿದವನು ಜಡವಾಗಿರುವುದು ಸಹಜ ತಾನೇ ಅಂತ ಅವರು ಮುಂದೆ ಹೋಗಿದ್ದಾರೆ.

ನನಗೆ ಅಲ್ಲಿ ಏನೋ ಹೊಂದಲಿಲ್ಲ. ಜ್ವರ ಬಿಟ್ಟವನು ಎದ್ದು ಕೂತು ಊಟ ಕೇಳಬೇಕು, ಅಲ್ವಾ? ಇವನು ಯಾಕೆ ಹೀಗೆ ಮುದುಡಿದ್ದಾನೆ? ಜ್ವರ ಮಾತ್ರೆಯಿಂದ ಇಳಿಯಿತೋ, ತಾನಾಗೇ ಇಳಿಯಿತೋ? ಚಾರ್ಟ್ ನೋಡಿದೆ. ಮಧ್ಯಾಹ್ನದಿಂದ ಪ್ಯಾರಾಸಿಟಮಾಲ್ ಕೊಟ್ಟೇ ಇಲ್ಲ. ಕೈ ಮುಟ್ಟಿದೆ, ತಣ್ಣಗಿತ್ತು. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಇವನಿಗೆ ನಿಧಾನ. ಮೂತ್ರ ಯಾವಾಗ ಹೋಯಿತು ಅಂತ ಕೇಳಿದೆ. ಮಾವನಿಗೆ ನೆನಪಿಲ್ಲ. ವಾರ್ಡಿನ ಆಯಾಗೆ, ನಾವು ಮಾವಶಿ ಅನ್ನುವವಳಿಗೆ, ನೆನಪಿತ್ತು: ನಾಲ್ಕು ಗಂಟೆಗೆ ಪಾಟ್ ಕೊಟ್ಟದ್ದು, ಆಮೇಲೆ ಕೇಳಿಯೇ ಇಲ್ಲ. ವಾರ್ಡಿನಲ್ಲಿ ಇಂಥ ಸುದ್ದಿ ಮಾವಶಿಯರ ಹತ್ತಿರ ಇದ್ದಷ್ಟು ಫೈಲಿನಲ್ಲಿ ಇರುವುದಿಲ್ಲ.

ಬಿಪಿ 104, ಕೆಳಗೆ 88. ಮೇಲಿನ ಅಂಕಿ ನೋಡಿದವರು ಪರವಾಗಿಲ್ಲ ಅನ್ನುತ್ತಾರೆ. ನಾನು ಕಳೆದು ನೋಡಿದೆ: ನಡುವೆ 16. ಬೆಳಿಗ್ಗೆ 110, 70 ಇತ್ತು, ನಡುವೆ 40. ಡೆಂಗ್ಯೂವಿನಲ್ಲಿ ಈ ಅಂತರ 20 ಅಥವಾ ಅದಕ್ಕಿಂತ ಕಡಿಮೆ ಆಯಿತೆಂದರೆ ಶಾಕ್, ಅಂದರೆ ಮೈಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿ, ಬಾಗಿಲಿಗೆ ಬಂದಿದೆ ಅಂತ. ಈ ರೋಗದ ಗುಣವೇ ಹಾಗೆ. ಮೂರರಿಂದ ಏಳನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೇ, ಕೆಲವರಲ್ಲಿ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತದೆ. ಉಳಿದ ರಕ್ತ ಮಂದವಾಗುತ್ತದೆ. ಅದನ್ನು ಹೇಳುವುದು ಹಿಮಟೋಕ್ರಿಟ್, ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಎಷ್ಟು ಅನ್ನುವ ಲೆಕ್ಕ. ಆದರೆ ನೆಂಟರೆಲ್ಲ ಕೇಳುವುದು ಒಂದೇ ಪ್ರಶ್ನೆ, "ಪ್ಲೇಟ್‌ಲೆಟ್ ಎಷ್ಟಾಯ್ತು?" ಪಪಾಯ ಎಲೆ ಹಿಡಿದುಕೊಂಡು ಬಂದವರೂ ಇದ್ದಾರೆ, ಇರಲಿ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನವರು 2012ರಲ್ಲಿ ಒಂದು ಅಂಕದ ಪಟ್ಟಿ ಮಾಡಿದರು. ಉಸಿರು, ನಾಡಿ, ಬಿಪಿ ಇಂಥವುಕ್ಕೆಲ್ಲ ಅಂಕ ಹಾಕಿ ಕೂಡಿಸುವುದು. ಮೊತ್ತ ಹೆಚ್ಚಾದಷ್ಟೂ ಅಪಾಯ ಜಾಸ್ತಿ. ಒಳ್ಳೆಯ ಪಟ್ಟಿ, ನಾನು ಬೇಡ ಅನ್ನುವವಳಲ್ಲ. ಅದರಲ್ಲಿ ಉಸಿರೊಂದೇ 25 ಮುಟ್ಟಿದರೂ 3 ಅಂಕ. ಆದರೆ ಬಿಪಿಯ ಮೇಲಿನ ಅಂಕಿಯನ್ನು ಮಾತ್ರ ಅದು ನೋಡುತ್ತದೆ. ನಡುವಿನ ಅಂತರ ಅದಕ್ಕೆ ಕಾಣುವುದಿಲ್ಲ. ಆ ಹುಡುಗನಿಗೆ ಆಮೇಲೊಮ್ಮೆ ಲೆಕ್ಕ ಹಾಕಿ ನೋಡಿದೆ. ಬಿಪಿಗೆ 1, ನಾಡಿ 108 ಇತ್ತು, ಅದಕ್ಕೆ 1. ಉಳಿದದ್ದೆಲ್ಲ ಸೊನ್ನೆ. ಒಟ್ಟು 2. ಪಟ್ಟಿಯ ಪ್ರಕಾರ ಅಪಾಯ ಕಡಿಮೆ!

ಡಾಕ್ಟರಿಗೆ ಫೋನ್ ಮಾಡಬೇಕಿತ್ತು. ರಾತ್ರಿ ಎರಡು ಗಂಟೆ. "ಡಾಕ್ಟರ್, 14ನೇ ಬೆಡ್ ಯಾಕೋ ಸರಿ ಕಾಣ್ತಿಲ್ಲ" ಅಂದರೆ "ನೋಡ್ತಾ ಇರಿ" ಅಂತಾರೆ. ಅವರ ತಪ್ಪೂ ಅಲ್ಲ. ಹಾಗಾಗಿ ಚೀಟಿಯಲ್ಲಿ ಬರೆದುಕೊಂಡು ಹೇಳಿದೆ: ಡೆಂಗ್ಯೂ ಐದನೇ ದಿನ, ಜ್ವರ ಇಳಿದಿದೆ, ಬಿಪಿ ಅಂತರ 16, ಹತ್ತು ತಾಸಿನಿಂದ ಮೂತ್ರ ಇಲ್ಲ, ಕೈಕಾಲು ತಣ್ಣಗಿದೆ, ನನಗೆ ಶಾಕ್ ಶುರು ಅನ್ನಿಸುತ್ತದೆ, ನೀವು ಈಗಲೇ ಬರಬೇಕು. "ನನಗೆ ಅನ್ನಿಸುತ್ತದೆ" ಅನ್ನುವ ಎರಡು ಮಾತು ಬಾಯಿಗೆ ಬರಲು ನನಗೆ ಹದಿನೈದು ವರ್ಷ ಹಿಡಿಯಿತು. ಅನ್ನಿಸುವುದು ಡಾಕ್ಟರ ಕೆಲಸ, ಹೇಳಿದ್ದು ಮಾಡುವುದು ನಮ್ಮ ಕೆಲಸ ಅಂತಲೇ ಕಲಿತು ಬಂದವರು ನಾವು.

ಡಾಕ್ಟರು ಬಂದರು. ಹಿಮಟೋಕ್ರಿಟ್ ಬೆಳಿಗ್ಗೆ 41 ಇದ್ದದ್ದು 50 ಆಗಿತ್ತು. ಅಳತೆ ಮಾಡಿ ಸಲೈನ್ ಕೊಟ್ಟರು. ಬೆಳಗಿನ ಜಾವ ಹುಡುಗ ಪಾಟ್ ಕೇಳಿದ. ಅಷ್ಟು ಸಂತೋಷದಿಂದ ನಾನು ಯಾರಿಗೂ ಪಾಟ್ ಕೊಟ್ಟವಳಲ್ಲ.

ಇದನ್ನು ಹೇಳಿ ಬೀಗಿದ್ದಕ್ಕೆ ಬೇಗ ಶಾಸ್ತಿಯೂ ಆಯಿತು. ಅದೇ ಮಳೆಗಾಲದಲ್ಲಿ ಯಾದಗಿರಿ ಕಡೆಯ ಹೆಂಗಸೊಬ್ಬಳು ಬಂದಳು, ಕಟ್ಟಡದ ಕೆಲಸದವಳು. ಜ್ವರ ಅಂದ ಕೂಡಲೇ ನಾನು ಬಿಪಿ ಅಂತರ ಕಳೆಯುತ್ತ ಕೂತೆ. "ಮೀನಗಂಡ ಭಾಳ ನೋಯ್ತಾವ್ರೀ ಅಕ್ಕಾ" ಅಂತ ಅವಳು ಎರಡು ಸಲ ಹೇಳಿದಳು. ಕಣ್ಣು ಕೆಂಪಗಿತ್ತು. ಕೆಲಸ ಮಾಡಿ ಕಾಲು ನೋಯುತ್ತದೆ ಅಂದುಕೊಂಡೆ. ವಾರದ ಹಿಂದೆ ಅವಳ ಝೋಪಡಿಯಲ್ಲಿ ಮೊಣಕಾಲು ಮಟ್ಟ ನೀರು ನಿಂತಿತ್ತು ಅಂತ ಕೇಳಿ ತಿಳಿದುಕೊಂಡದ್ದು ನಾನಲ್ಲ, ಜೊತೆಗಿದ್ದ ಚಿಕ್ಕ ಸಿಸ್ಟರ್. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಇಲಿಜ್ವರ ಅದು, ಲೆಪ್ಟೊ; ಕೆಂಪು ಕಣ್ಣು, ಮೀನಗಂಡದ ನೋವು ಅದರ ಗುರುತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮೇಲೆ ಈ ಊರು ಅದನ್ನು ಚೆನ್ನಾಗಿ ಕಂಡಿದೆ. ನಾನೂ ಆಗ ಇಲ್ಲೇ ಇದ್ದವಳು, ಆದರೂ ಹೊಳೆಯಲಿಲ್ಲ.

ಈಗ ನನ್ನ ಹತ್ತಿರ ಕಲಿಯುವ ಹುಡುಗಿಯರು ಬರುತ್ತಾರೆ. ಮೊನ್ನೆ ಒಬ್ಬಳು ಉಸಿರಿನ ಕಲಮಿನಲ್ಲಿ 20 ಅಂತ ಬರೆದಿದ್ದಳು. ಪೆನ್ನು ಹಿಡಿದು ಅವಳನ್ನೇ ದುರುಗುಟ್ಟಿ ನೋಡಿದೆ.

"ಎರಡು ಸಲ ಎಣಿಸಿದೆ ಮ್ಯಾಡಮ್," ಅಂದಳು. "ನಾನೇನು ಮಾಡ್ಲಿ, 20ಏ ಇದೆ."

ಹೋಗಿ ಎಣಿಸಿದೆ. 20ಏ ಇತ್ತು.

ನಮಸ್ಕಾರ.