ಎರಡೂ ತೂತಲ್ಲಿ ಟೆಸ್ಟರ್ ಉರಿದರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ವೈರಿಂಗ್ ಕೆಲಸ ಮಾಡಿಕೊಂಡೇ ಸಂಸಾರ ನಡೆಸಿದವನು ನಾನು. ಇವತ್ತು ನ್ಯೂಟ್ರಲ್ ವೈರಿನ ಬಗ್ಗೆ ಮಾತ್ರ ಹೇಳುತ್ತೇನೆ.

ಹೋದ ಬೇಸಿಗೆಯಲ್ಲಿ ನಿಟ್ಟುವಳ್ಳಿಯ ಒಂದು ಮನೆಯಿಂದ ಫೋನ್ ಬಂತು. "ಅಣ್ಣಾ, ಲೈಟಿಲ್ಲ, ಫ್ಯಾನಿಲ್ಲ. ಟೆಸ್ಟರ್ ಇಟ್ರೆ ಪ್ಲಗ್ಗಿನ ಎರಡೂ ತೂತಲ್ಲಿ ಉರೀತೈತಿ. ಡಬಲ್ ಕರೆಂಟ್ ಬಂದೈತೇನು?"

ಡಬಲ್ ಕರೆಂಟ್ ಅಲ್ಲ. ಫೇಸ್‌ನಲ್ಲಿ ಬಂದ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಹೋಗಬೇಕು ಅಲ್ವಾ? ಆ ದಾರಿ ಕಡಿದಿದೆ. ಆನ್ ಇರುವ ಬಲ್ಬು, ಫ್ಯಾನಿನ ಮೂಲಕ ಫೇಸ್ ದಾಟಿ ಬಂದು ನ್ಯೂಟ್ರಲ್‌ನ ಕಪ್ಪು ವೈರಿನಲ್ಲೂ ನಿಂತಿದೆ. ಲೈಟ್ ಉರೀತಿಲ್ಲ ಅಂತ ಅದನ್ನು ಮುಟ್ಟಿದರೆ ಹೊಡೆಯುತ್ತದೆ. ಎಲ್ಲ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ನೋಡಿ. ಎರಡನೇ ತೂತಿನ ಬೆಳಕು ಹೋದರೆ ನ್ಯೂಟ್ರಲ್ ಕಡಿದಿದೆ ಅಂತಲೇ ಲೆಕ್ಕ. ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಲೈಟ್ ಸ್ವಿಚ್ ಆನ್ ಇರುವಾಗ ಫೇಸ್‌ಗೂ ಅರ್ಥಿಂಗ್‌ಗೂ 230 ವೋಲ್ಟ್ ತೋರಿಸಿ, ಫೇಸ್‌ಗೂ ನ್ಯೂಟ್ರಲ್‌ಗೂ ಏನೂ ತೋರಿಸದಿದ್ದರೆ ಅನುಮಾನವೇ ಬೇಡ.

ಒಂದೇ ರೂಮಿನಲ್ಲಿ ಹೀಗಾದರೆ ಆ ರೂಮಿನ ಜಾಯಿಂಟ್ ನೋಡಬೇಕು. ಇಡೀ ಮನೆಯಾದರೆ ಮೇನ್ ಬೋರ್ಡ್. ನಿಟ್ಟುವಳ್ಳಿಯಲ್ಲಿ ಮೇನ್ ಆಫ್ ಮಾಡಿ, ಕರೆಂಟ್ ಇಲ್ಲ ಅಂತ ಇನ್ನೊಮ್ಮೆ ನೋಡಿಕೊಂಡು ಬೋರ್ಡ್ ಬಿಚ್ಚಿದೆ. ಸುಟ್ಟ ವಾಸನೆ. ನ್ಯೂಟ್ರಲ್ ಲಿಂಕ್, ಅಂದರೆ ಮನೆಯ ನ್ಯೂಟ್ರಲ್ ವೈರುಗಳೆಲ್ಲ ಬಂದು ಸೇರುವ ಪಟ್ಟಿ, ಅದರ ಒಂದು ಸ್ಕ್ರೂ ಸಡಿಲ ಇತ್ತು. ಸಡಿಲ ಇದ್ದ ಕಡೆ ಬಿಸಿಯಾಗಿ, ಬಿಸಿಗೆ ಇನ್ನೂ ಸಡಿಲವಾಗಿ, ವೈರಿನ ಸಿಪ್ಪೆ ಕಂದಿ ಗಟ್ಟಿಯಾಗಿತ್ತು. ಒಳಗಿನ ತಾಮ್ರದ ಎಳೆ ಮಸಿ ಹಿಡಿದಿತ್ತು. ಆ ತುಂಡು ಇಲ್ಲೇ ತಂದಿದ್ದೇನೆ, ಕೈಯಿಂದ ಕೈಗೆ ದಾಟಿಸಿ. ಸುಟ್ಟಷ್ಟನ್ನು ಕತ್ತರಿಸಿ, ಹೊಸದಾಗಿ ಸಿಪ್ಪೆ ತೆಗೆದು ಬಿಗಿ ಮಾಡಿದೆ, ಮುಗಿಯಿತು.

ಕೆಲವರು ಸುಲಭ ಅಂತ ಅರ್ಥಿಂಗ್ ವೈರನ್ನೇ ನ್ಯೂಟ್ರಲ್‌ಗೆ ಸೇರಿಸುತ್ತಾರೆ. ಕೈ ಮುಗಿದು ಕೇಳ್ತೀನಿ, ಯಾರೂ ಹಾಗೆ ಮಾಡಬೇಡಿ, ಮಾಡಿಸಲೂಬೇಡಿ. ನಮ್ಮ ಕಡೆ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿಬಿಡುತ್ತದೆ. ಆಗ ಫ್ರಿಜ್ಜಿನ ಬಾಗಿಲಲ್ಲಿ, ಗೀಸರ್ ಮೈಯಲ್ಲಿ ಕರೆಂಟ್ ಬರುತ್ತದೆ. ಅದನ್ನು ಮುಟ್ಟುವವರು ನಮ್ಮ ಮನೆಯ ಮಕ್ಕಳೇ.

ಕಂಬದ ಮೇಲೆ ನ್ಯೂಟ್ರಲ್ ಕಡಿದರೆ ಕಥೆಯೇ ಬೇರೆ. ಒಂದು ಮನೆಯಲ್ಲಿ ಬಲ್ಬು ಮಂಕಾಗುತ್ತದೆ, ಪಕ್ಕದ ಮನೆಯಲ್ಲಿ ವೋಲ್ಟೇಜ್ 400ರ ಹತ್ತಿರಕ್ಕೂ ಏರಬಹುದು. ಲೈಟ್ ಇದ್ದಕ್ಕಿದ್ದಂತೆ ಜಾಸ್ತಿ ಬೆಳಗಿತೋ, ಟಿವಿ ಪ್ಲಗ್ ಹುಡುಕುತ್ತಾ ಕೂರಬೇಡಿ. ಸೀದಾ ಹೋಗಿ ಮೇನ್ ಆಫ್ ಮಾಡಿ. ಪಕ್ಕದ ಮನೆಯವರಿಗೂ ಕೂಗಿ ಹೇಳಿ. ಆಮೇಲೆ ಕರೆಂಟ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ. ಮೀಟರಿನಿಂದ ಆಚೆ ಕೈ ಹಾಕುವವರು ಲೈನ್‌ಮ್ಯಾನ್ ಮಾತ್ರ.

ಈಗ ಬನ್ನಿ, ಈ ಬೋರ್ಡಿನಲ್ಲಿ ನ್ಯೂಟ್ರಲ್ ಲಿಂಕ್ ಯಾವುದು ಅಂತ ಒಬ್ಬೊಬ್ಬರಿಗೂ ತೋರಿಸುತ್ತೇನೆ.