ರಿಸೆಟ್ ಬಟನ್‌ಗೆ ಬೆರಳು ಹೋಗೋ ಮುಂಚೆ: ಕೋಲಾರ ಮಂಡಿಯ ಒಂದು ಫೋನ್

ಸ್ಕ್ರೀನ್ ಮೇಲೆ ಕಾಣ್ತಿರೋ ಈ ಫೋನ್ ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಯದ್ದು. ಒಟ್ಟು 64 ಜಿಬಿ, ಖಾಲಿ ಇರೋದು ಅರ್ಧ ಜಿಬಿಯೂ ಇಲ್ಲ. ಕ್ಯಾಮೆರಾ ತೆರೆಯೋಕೂ ತಿಣುಕಾಡ್ತಿದೆ. ಓನರ್ ಹೇಳೋದು ಒಂದೇ ಮಾತು, "ರಿಸೆಟ್ ಹೊಡ್ದುಬಿಡಿ ಸಾರ್." ಅಂದ್ರೆ ಫೋನಲ್ಲಿರೋದನ್ನೆಲ್ಲ ಅಳಿಸಿ ಹೊಸದರ ಥರ ಮಾಡಿ ಅಂತ. ಹೊಡೆಯೋಣ. ಆದ್ರೆ ಅದು ಕೊನೇ ಕೆಲಸ, ಹತ್ತು ನಿಮಿಷದ್ದು. ಅದಕ್ಕೆ ಮುಂಚಿನ ಕೆಲಸಕ್ಕೆ ಒಂದು ದಿನ ಇಟ್ಕೊಳ್ಳಿ.

ಮೊದಲು, ರಿಸೆಟ್ ಬೇಕಾ? ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ, ಅದರೊಳಗೆ ಮ್ಯಾನೇಜ್ ಸ್ಟೋರೇಜ್ ತೆಗೀರಿ. ನೋಡಿ, ಈ ಫೋನಲ್ಲಿ ವಾಟ್ಸಾಪ್ ಒಂದೇ 31 ಜಿಬಿ ತಿಂದಿದೆ. ರೇಟ್ ಗ್ರೂಪ್‌ಗಳ ವಿಡಿಯೋ, ಗುಡ್ ಮಾರ್ನಿಂಗ್ ಚಿತ್ರ, ಯಾರೋ ಕಳಿಸಿದ ಸಿನಿಮಾ. ಬರೀ ಜಾಗ ಸಾಲ್ತಿಲ್ಲ ಅನ್ನೋದಾದ್ರೆ ಇಲ್ಲೇ 5 ಎಂಬಿಗಿಂತ ದೊಡ್ಡ ಫೈಲ್‌ಗಳನ್ನ ಅಳಿಸಿದ್ರೆ ಸಾಕು. ರಿಸೆಟ್ ಮಾಡಿ ಅದೇ ಬ್ಯಾಕಪ್ ವಾಪಸ್ ಹಾಕಿದ್ರೆ ಕಸವೂ ಅದರ ಜೊತೆಗೇ ಬರುತ್ತೆ. ಆದ್ರೆ ಓನರ್ ಹೊಸ ಫೋನ್ ತಗೊಂಡಿದ್ದಾರೆ, ಇದು ಲೆಕ್ಕ ಬರೆಯೋ ಹುಡುಗನ ಕೈಗೆ ಹೋಗ್ತಿದೆ. ಹಾಗಾಗಿ ಇಲ್ಲಿ ರಿಸೆಟ್ ಬೇಕೇ ಬೇಕು.

ಇನ್ನೊಂದು ಸಂದರ್ಭ ಇದೆ. ಮದುವೆ ಆಹ್ವಾನ ಅಂತಲೋ, ಸರ್ಕಾರಿ ಯೋಜನೆ ಅಂತಲೋ ವಾಟ್ಸಾಪಲ್ಲಿ ಬಂದ ಎಪಿಕೆ ಫೈಲ್, ಅಂದ್ರೆ ಪ್ಲೇ ಸ್ಟೋರ್ ಇಲ್ಲದೆ ಆ್ಯಪ್ ಹಾಕೋ ಫೈಲ್, ಇನ್‌ಸ್ಟಾಲ್ ಆಗಿಬಿಟ್ಟಿದೆ ಅಂದ್ಕೊಳ್ಳಿ. ಆಗ ರಿಸೆಟ್ ಸರಿಯಾದ ಮದ್ದೇ, ಆದ್ರೆ ಮೊದಲ ಹೆಜ್ಜೆ ಅದಲ್ಲ. ತಕ್ಷಣ ಫ್ಲೈಟ್ ಮೋಡ್ ಹಾಕಿ, ಬೇರೆ ಫೋನಿಂದ ಬ್ಯಾಂಕಿಗೆ ಹೇಳಿ, ದುಡ್ಡು ಹೋಗಿದ್ರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬಂದ ಮೆಸೇಜ್, ಆ ನಂಬರ್, ಎಲ್ಲದರ ಫೋಟೋ ಇನ್ನೊಂದು ಫೋನಲ್ಲಿ ತೆಗೆದಿಟ್ಕೊಳ್ಳಿ. ಅಳಿಸಿದ ಮೇಲೆ ದೂರು ಕೊಡೋಕೆ ಸಾಕ್ಷಿ ಇರಲ್ಲ.

ಈಗ ಎಲ್ಲರೂ ಸಿಕ್ಕಿಹಾಕ್ಕೊಳ್ಳೋ ಜಾಗಕ್ಕೆ ಬರೋಣ: ಗೂಗಲ್ ಅಕೌಂಟ್. ಆಂಡ್ರಾಯ್ಡ್ 5.1ರಿಂದ, ಅಂದ್ರೆ 2015ರಿಂದ, ಫ್ಯಾಕ್ಟರಿ ರಿಸೆಟ್ ಪ್ರೊಟೆಕ್ಷನ್ ಅಂತ ಒಂದು ಬೀಗ ಇದೆ. ಫೋನ್ ಕದ್ದವನು ರಿಸೆಟ್ ಮಾಡಿ ಮಾರಬಾರದು ಅಂತ ಇಟ್ಟಿದ್ದು. ಯಾವ ಅಕೌಂಟ್ ಇತ್ತು ಅನ್ನೋ ಗುರುತು, ರಿಸೆಟ್ ಮುಟ್ಟದೇ ಇರೋ ಬೇರೆ ಪಾರ್ಟಿಷನ್‌ನಲ್ಲಿ, ಅಂದ್ರೆ ಸ್ಟೋರೇಜಿನ ಪ್ರತ್ಯೇಕ ಭಾಗದಲ್ಲಿ, ಕೂತಿರುತ್ತೆ. ಅದಕ್ಕೇ ಎಲ್ಲ ಅಳಿಸಿದ ಮೇಲೂ ಫೋನ್ ಆನ್ ಮಾಡಿದ್ರೆ, ಮೊದಲು ಇದ್ದ ಅಕೌಂಟಿಂದಲೇ ಒಳಗೆ ಬನ್ನಿ ಅನ್ನುತ್ತೆ. ಆ ಸ್ಕ್ರೀನಲ್ಲಿ ಬ್ಯಾಕ್ ಒತ್ತಿದ್ರೂ ಅಲ್ಲೇ, ಆಫ್ ಮಾಡಿ ಆನ್ ಮಾಡಿದ್ರೂ ಅಲ್ಲೇ.

ನಮ್ಮ ಕಡೆ ಇದು ಜಾಸ್ತಿ ಕಾಡೋಕೆ ಕಾರಣ ಇದೆ. ಫೋನ್ ಕೊಂಡ ದಿನ ಅಂಗಡಿ ಹುಡುಗನೇ ಒಂದು ಜಿಮೇಲ್ ಮಾಡಿಕೊಟ್ಟಿರ್ತಾನೆ. ಪಾಸ್‌ವರ್ಡ್ ಅವನಿಗೂ ನೆನಪಿರಲ್ಲ, ಇವರಿಗೆ ಗೊತ್ತೇ ಇರಲ್ಲ. ಆದ್ದರಿಂದ ಫೋನ್ ಇನ್ನೂ ಲಾಗಿನ್ ಆಗಿರೋವಾಗಲೇ ಸೆಟ್ಟಿಂಗ್ಸ್, ಗೂಗಲ್ ಅಂತ ಹೋಗಿ ಯಾವ ಜಿಮೇಲ್ ಇದೆ ಅಂತ ಚೀಟಿಯಲ್ಲಿ ಬರ್ಕೊಳ್ಳಿ. ಅದೇ ಜಿಮೇಲ್, ಪಾಸ್‌ವರ್ಡ್ ಹಾಕಿ ಬೇರೆ ಫೋನಲ್ಲೋ ಕಂಪ್ಯೂಟರಲ್ಲೋ ಲಾಗಿನ್ ಆಗಿ ನೋಡಿ. ಆಗಲಿಲ್ವಾ, ಈಗಲೇ ಪಾಸ್‌ವರ್ಡ್ ಬದಲಾಯಿಸಿ, ರಿಕವರಿ ನಂಬರ್ ಈಗ ಬಳಸ್ತಿರೋದೇನಾ ನೋಡಿ. ಬದಲಾಯಿಸಿದ ಮೇಲೆ 24 ಗಂಟೆ ರಿಸೆಟ್ ಮುಟ್ಟಬೇಡಿ. ಹೊಸ ಪಾಸ್‌ವರ್ಡ್ ಹಾಕಿದ ತಕ್ಷಣ ರಿಸೆಟ್ ಮಾಡಿದ್ರೆ ಲಾಗಿನ್ ಒಪ್ಪದೆ ಕಾಯಿಸಬಹುದು. ಒಂದು ದಿನ ಬೇಕು ಅಂದಿದ್ದು ಇದಕ್ಕೇ.

ಫೋಟೋಗೆ ಬರೋಣ. ಗೂಗಲ್ ಫೋಟೋಸ್‌ನಲ್ಲಿ "ಬ್ಯಾಕಪ್ ಕಂಪ್ಲೀಟ್" ಅಂತ ಬಂದಿದೆ ಅಂದ್ರೆ ಎಲ್ಲ ಹೋಗಿದೆ ಅಂತಲ್ಲ. ಅದು ತಾನಾಗಿ ತಗೊಳ್ಳೋದು ಕ್ಯಾಮೆರಾ ಫೋಲ್ಡರ್ ಮಾತ್ರ. ವಾಟ್ಸಾಪ್ ಇಮೇಜಸ್, ಸ್ಕ್ರೀನ್‌ಶಾಟ್ಸ್, ಡೌನ್‌ಲೋಡ್ಸ್, ಇವನ್ನ ನಾವೇ ಒಂದೊಂದಾಗಿ ಆನ್ ಮಾಡ್ಬೇಕು. ಈ ಮಂಡಿ ಫೋನಲ್ಲಿ ರೈತರಿಗೆ ಕಳಿಸಿದ, ಅವರಿಂದ ಬಂದ ಪಟ್ಟಿಗಳ ಫೋಟೋ ಎಲ್ಲ ಇರೋದು ವಾಟ್ಸಾಪ್ ಇಮೇಜಸ್‌ನಲ್ಲೇ. ಈ ಪಟ್ಟಿ ನೋಡಿ: 15 ಕೆಜಿ ಬಾಕ್ಸ್ ಎಷ್ಟು, ರೇಟ್ ಎಷ್ಟು, ಕಮಿಷನ್ ಎಷ್ಟು, ಎಲ್ಲ ಪೆನ್ನಲ್ಲಿ ಬರೆದಿದೆ. ಅಸಲು ಕಾಗದ ಎಲ್ಲೋ ಹೋಗಿದೆ, ಉಳಿದಿರೋದು ಈ ಫೋಟೋ ಮಾತ್ರ. ಇಂಥವನ್ನ ಕೇಬಲ್ ಹಾಕಿ ಕಂಪ್ಯೂಟರ್‌ಗೆ ಕಾಪಿ ಮಾಡಿ, ಅಲ್ಲಿ ಒಂದೆರಡು ತೆರೆದು ನೋಡಿ. ಕಾಪಿ ಅರ್ಧಕ್ಕೆ ನಿಂತಿದ್ರೆ ಫೈಲ್ ಹೆಸರು ಇರುತ್ತೆ, ಚಿತ್ರ ಇರಲ್ಲ. ಲಾಕ್ಡ್ ಫೋಲ್ಡರ್, ಸ್ಯಾಮ್‌ಸಂಗ್‌ನ ಸೆಕ್ಯೂರ್ ಫೋಲ್ಡರ್ ಬಳಸ್ತಿದ್ರೆ ಅಲ್ಲಿಂದಲೂ ಹೊರಗೆ ತೆಗೆದಿಡಿ.

ವಾಟ್ಸಾಪ್ ಚಾಟ್‌ಗೆ: ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್, ಬ್ಯಾಕಪ್ ಒತ್ತಿ. ವಿಡಿಯೋ ಸೇರಿಸೋದು ಬೇಡ. ಈ ಬ್ಯಾಕಪ್ ಈಗ ಗೂಗಲ್‌ನ ಉಚಿತ 15 ಜಿಬಿಯಲ್ಲೇ ಲೆಕ್ಕ ಆಗುತ್ತೆ. ಆ ಜಾಗ ತುಂಬಿದ್ರೆ ಬ್ಯಾಕಪ್ ಆಗಲ್ಲ, ಹಳೇ ತಾರೀಕೇ ಉಳಿದಿರುತ್ತೆ. ಅದಕ್ಕೆ ತಾರೀಕು, ಟೈಮ್ ಎರಡೂ ಓದಿ. ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್ (ಕೀಲಿ ಇಲ್ಲದೆ ಯಾರೂ ಓದೋಕಾಗದ ಹಾಗೆ ಬೀಗ ಹಾಕಿದ್ದು) ಆನ್ ಇದ್ರೆ ಅದರ ಪಾಸ್‌ವರ್ಡ್ ಇಲ್ಲಾಂದ್ರೆ 64 ಅಕ್ಷರದ ಕೀ ಕೈಯಲ್ಲಿರಲೇಬೇಕು. ಕಳೆದ್ರೆ ವಾಟ್ಸಾಪ್‌ನವರೂ ತೆಗೆದುಕೊಡಲ್ಲ. ಇನ್ನು ವಾಪಸ್ ಹಾಕೋವಾಗ ನಂಬರ್ ಅದೇ, ಗೂಗಲ್ ಅಕೌಂಟ್ ಅದೇ ಇರಬೇಕು. ರಿಸ್ಟೋರ್ ಅಂತ ಕೇಳಿದಾಗ ಅವಸರದಲ್ಲಿ ಸ್ಕಿಪ್ ಒತ್ತಿದ್ರೆ, ಆಮೇಲೆ ಆಗೋ ಹೊಸ ಖಾಲಿ ಬ್ಯಾಕಪ್ ಹಳೇದರ ಮೇಲೆ ಕೂರಬಹುದು. ಸ್ಕಿಪ್ ಒತ್ತಿಬಿಟ್ರೆ ತಕ್ಷಣ ಆ್ಯಪ್ ತೆಗೆದು ಮತ್ತೆ ಹಾಕಿ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಬೇರೆಯವರಿಗೆ ಕೊಡೋ ಫೋನ್ ಅಂತ ಗ್ಯಾಲರಿಗೆ ಹೋಗಿ ಫೋಟೋ, ಕಾಂಟ್ಯಾಕ್ಟ್‌ಗಳನ್ನ ಕೈಯಾರೆ ಅಳಿಸಬೇಡಿ. ಅಕೌಂಟ್ ಇನ್ನೂ ಒಳಗಿರೋವಾಗ ಗೂಗಲ್ ಫೋಟೋಸ್‌ನಲ್ಲಿ ಡಿಲೀಟ್ ಮಾಡಿದ್ರೆ ಆನ್‌ಲೈನ್ ಕಾಪಿಯೂ ಕಸದ ಬುಟ್ಟಿಗೆ ಹೋಗುತ್ತೆ. ಕಾಂಟ್ಯಾಕ್ಟ್ ಕಥೆಯೂ ಅಷ್ಟೇ, ಇಲ್ಲಿ ಅಳಿಸಿದ್ದು ಹೊಸ ಫೋನಲ್ಲೂ ಮಾಯ. ಅಳಿಸೋ ಕೆಲಸ ರಿಸೆಟ್‌ಗೆ ಬಿಡಿ. ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸದರ ಜೊತೆ ಮಾರಾಟಕ್ಕೆ ಬಂದ ಫೋನ್‌ಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗೇ ಇರುತ್ತೆ, ರಿಸೆಟ್ ಅದರ ಕೀಲಿಯನ್ನೇ ನಾಶ ಮಾಡುತ್ತೆ. ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕಿದ್ರೂ ಓದೋಕೆ ಆಗಲ್ಲ. ಅಂದ್ಹಾಗೆ, ಕಾಂಟ್ಯಾಕ್ಟ್ಸ್ ಆ್ಯಪಲ್ಲಿ ಯಾವ ನಂಬರ್ ಗೂಗಲ್‌ನಲ್ಲಿದೆ, ಯಾವುದು ಬರೀ ಫೋನ್ ಮೆಮೊರಿಯಲ್ಲಿದೆ ಅಂತ ನೋಡಿ. ಫೋನ್ ಮೆಮೊರಿಯಲ್ಲಿರೋದನ್ನ ಎಕ್ಸ್‌ಪೋರ್ಟ್ ಮಾಡಿ, ಒಂದು ವಿಸಿಎಫ್ ಫೈಲ್ ಸಿಗುತ್ತೆ, ಮೇಲ್ ಮಾಡ್ಕೊಳ್ಳಿ.

ಮೆಮೊರಿ ಕಾರ್ಡ್ ತೆಗೆದಿಡಿ, ರಿಸೆಟ್ ಸಾಮಾನ್ಯವಾಗಿ ಅದನ್ನ ಅಳಿಸಲ್ಲ. ಆದ್ರೆ ಕಾರ್ಡನ್ನ ಇಂಟರ್ನಲ್ ಸ್ಟೋರೇಜ್ ಥರ ಫಾರ್ಮ್ಯಾಟ್ ಮಾಡಿದ್ರೆ ಅದರ ಕೀಲಿ ಇದೇ ಫೋನಲ್ಲಿರುತ್ತೆ. ರಿಸೆಟ್ ಆದ ಮೇಲೆ ಆ ಕಾರ್ಡನ್ನ ಎಲ್ಲೂ ಓದೋಕಾಗಲ್ಲ. ಅದರಲ್ಲಿರೋದನ್ನ ಮೊದಲೇ ಕಾಪಿ ಮಾಡಿ.

ಯುಪಿಐ: ಫೋನ್‌ಪೇ, ಗೂಗಲ್ ಪೇ ಯಾವುದೇ ಇರಲಿ, ಬ್ಯಾಂಕಲ್ಲಿರೋ ದುಡ್ಡಿಗೆ ಏನೂ ಆಗಲ್ಲ. ಪಿನ್ ಇಲ್ಲದೆ ಸಣ್ಣ ಪಾವತಿ ಮಾಡೋಕೆ ಮೊದಲೇ ದುಡ್ಡು ತುಂಬಿಡೋ ಯುಪಿಐ ಲೈಟ್‌ನಲ್ಲಿ ದುಡ್ಡಿದ್ರೆ ಮಾತ್ರ ಮೊದಲು ಅದನ್ನ ಬಂದ್ ಮಾಡಿ, ಬಾಕಿ ಅಕೌಂಟಿಗೆ ವಾಪಸ್ ಬರುತ್ತೆ. ಹೊಸ ಫೋನಲ್ಲಿ ನೋಂದಣಿಗೆ ಬ್ಯಾಂಕಿಗೆ ಲಿಂಕ್ ಆದ ಸಿಮ್ಮಿಂದಲೇ ಒಂದು ಎಸ್‌ಎಂಎಸ್ ಹೋಗ್ಬೇಕು, ಹಾಗಾಗಿ ರೀಚಾರ್ಜ್ ಮುಗಿದಿರಬಾರದು. ನೋಂದಣಿ ಆದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಗಿಂತ ಜಾಸ್ತಿ ಕಳಿಸೋಕೆ ಬಿಡಲ್ಲ. ರೈತರಿಗೆ ಬಟವಾಡೆ ಮಾಡೋ ದಿನ ಮಂಡಿಯವರು ಈ ಕೆಲಸಕ್ಕೆ ಕೈ ಹಾಕಿದ್ರೆ ಜಗಳ ಗ್ಯಾರಂಟಿ.

ಸರಿ, ಈಗ ಒತ್ತೋಣ. ಚಾರ್ಜ್ ಕನಿಷ್ಠ 50 ಪರ್ಸೆಂಟ್, ಜೊತೆಗೆ ಚಾರ್ಜರ್ ಹಾಕಿಡಿ. ಅಳಿಸೋ ಮಧ್ಯೆ ಫೋನ್ ಆಫ್ ಆದ್ರೆ ಲೋಗೋದಲ್ಲೇ ಸುತ್ತಬಹುದು. ಸೆಟ್ಟಿಂಗ್ಸ್‌ನ ಅಕೌಂಟ್ಸ್‌ಗೆ ಹೋಗಿ ಪ್ರತಿ ಗೂಗಲ್ ಅಕೌಂಟನ್ನೂ ರಿಮೂವ್ ಮಾಡಿ. ಇಲ್ಲಿ ಎರಡಿದೆ ನೋಡಿ, ಎರಡೂ. ಸ್ಯಾಮ್‌ಸಂಗ್ ಅಕೌಂಟ್, ಶಿಯೋಮಿಯ ಮಿ ಅಕೌಂಟ್ ಇದ್ರೆ ಅದನ್ನೂ, ಅವಕ್ಕೆ ಬೇರೆ ಬೀಗ ಇದೆ. ಸ್ಯಾಮ್‌ಸಂಗಲ್ಲಿ ಜನರಲ್ ಮ್ಯಾನೇಜ್‌ಮೆಂಟ್, ರಿಸೆಟ್, ಫ್ಯಾಕ್ಟರಿ ಡೇಟಾ ರಿಸೆಟ್. ಶಿಯೋಮಿಯಲ್ಲಿ ಅಬೌಟ್ ಫೋನ್ ಒಳಗಿದೆ. ಮಿಕ್ಕ ಕಡೆ ಸೆಟ್ಟಿಂಗ್ಸ್‌ನ ಸರ್ಚ್‌ನಲ್ಲಿ ರಿಸೆಟ್ ಅಂತ ಟೈಪ್ ಮಾಡಿ. ಇ-ಸಿಮ್ (ಕಾರ್ಡ್ ಇಲ್ಲದೆ ಫೋನೊಳಗೇ ಇರೋ ಸಿಮ್) ಅಳಿಸಬೇಕಾ ಅಂತ ಕೇಳಿದ್ರೆ, ಫೋನ್ ನಿಮ್ಮ ಹತ್ರನೇ ಇರೋದಾದ್ರೆ ಬೇಡ ಅನ್ನಿ. ಐಫೋನಿಗೆ ಫೈಂಡ್ ಮೈ ಆಫ್ ಮಾಡಿ, ಆಪಲ್ ಅಕೌಂಟಿಂದ ಸೈನ್ ಔಟ್ ಆಗಿ, ಆಮೇಲೆ ಜನರಲ್, ಟ್ರಾನ್ಸ್‌ಫರ್ ಆರ್ ರಿಸೆಟ್.

ಪವರ್, ವಾಲ್ಯೂಮ್ ಬಟನ್ ಒತ್ತಿ ರಿಕವರಿ ಮೋಡಿಂದ ಮಾಡೋದು ಫೋನ್ ಆನ್ ಆಗದೇ ಇದ್ದಾಗ ಮಾತ್ರ. ಅಕೌಂಟ್ ತೆಗೆಯದೆ ಆ ದಾರಿಯಲ್ಲಿ ಹೋದ್ರೆ ಗೂಗಲ್ ಬೀಗ ಬೀಳುತ್ತೆ. ಇಎಂಐನಲ್ಲಿ ತಗೊಂಡ ಫೋನ್‌ಗೆ ಫೈನಾನ್ಸ್‌ನವರ ಲಾಕ್ ಇದ್ರೆ ಸಾಮಾನ್ಯವಾಗಿ ಯಾವ ರಿಸೆಟ್‌ಗೂ ಅದು ಹೋಗಲ್ಲ, ಕಂತು ತೀರಿಸಿ ಅವರಿಂದಲೇ ತೆಗೆಸಬೇಕು.

ಮೊದಲ ಸಲ ಆನ್ ಆಗೋಕೆ ಐದರಿಂದ ಹತ್ತು ನಿಮಿಷ ಹಿಡಿಯುತ್ತೆ, ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ. ಅರ್ಧ ಗಂಟೆ ಆದ್ರೂ ಲೋಗೋ ಬಿಟ್ಟು ಕದಲದಿದ್ರೆ ರಿಕವರಿಯಿಂದ ವೈಪ್ ಡೇಟಾ ಇನ್ನೊಂದು ಸಲ ಕೊಡಿ. ಆಗಲೂ ಆಗಲಿಲ್ಲ ಅಂದ್ರೆ ಸಾಫ್ಟ್‌ವೇರ್ ಹೊಸದಾಗಿ ಹಾಕಿಸಬೇಕು, ಬಿಲ್ ತಗೊಂಡು ಸರ್ವಿಸ್ ಸೆಂಟರ್‌ಗೆ ಹೋಗಿ. ವೆಲ್‌ಕಮ್ ಸ್ಕ್ರೀನ್ ಬಂತು ಅಂದ್ರೆ ನಮ್ಮ ಕೆಲಸ ಮುಗೀತು. ಭಾಷೆ ಆರಿಸೋದು, ಅಕೌಂಟ್ ಹಾಕೋದು ಲೆಕ್ಕ ಬರೆಯೋ ಹುಡುಗ ಮಾಡ್ಕೊಳ್ಳಲಿ, ತನ್ನದೇ ಜಿಮೇಲಿಂದ.